ಕಡಲ ಹುಚ್ಚಿ ಹಿಮದ ಗುಡ್ಡದಲ್ಲಿ

ನಾನು ತೀರ್ಥಹಳ್ಳಿಯವಳು. ಮಲೆನಾಡಿನವಳು ಅಂದ ತಕ್ಷಣ ಮಳೆ, ಕಾಡು, ತೋಟ ಇವೇ ನನ್ನ ಪ್ರಾಣ ಅಂತ ಜನ ಅಂದುಕೊಂಡುಬಿಡುತ್ತಾರೆ. ನನಗೆ ಬೇಕಾಗಿರುವುದು ಕಡಲು. ಸ್ವಲ್ಪ ಬಿಡುವು ಸಿಕ್ಕರೆ ಸಾಕು, ಆಗುಂಬೆ ಘಾಟಿಯ 14 ತಿರುವು ಇಳಿದು, ಸೋಮೇಶ್ವರ, ಹೆಬ್ರಿ ದಾಟಿ, ಊಟದ ಹೊತ್ತಿಗೆ ಮಲ್ಪೆಯಲ್ಲಿ ಬಂಗುಡೆ ಫ್ರೈ ಮುಂದೆ ಕೂತಿರುತ್ತೇನೆ. ಇಲ್ಲವೇ ಹುಲಿಕಲ್ ಘಾಟಿ ಇಳಿದು ಮರವಂತೆಗೆ ಹೋಗುತ್ತೇನೆ. ಅಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯಲು ಹೋಗಿ ಬೇಕಾದಷ್ಟು ಉಪ್ಪುನೀರು ಕುಡಿದಿದ್ದೇನೆ. ಚಳಿ ಮಾತ್ರ ಆಗಿಬರುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಒಲೆ ಮುಂದಿನಿಂದ ಏಳುವವಳೇ ಅಲ್ಲ ನಾನು.

ಇಂಥವಳಿಗೆ ಚಿಕ್ಕಪ್ಪನ ಮಗ ಟೋಕಿಯೋದಿಂದ ಫೋನ್ ಮಾಡಿ, 'ಅಕ್ಕಾ, ಫೆಬ್ರವರಿಲಿ ಬಾ, ಹೊಕ್ಕೈಡೋಗೆ ಹೋಗಿ ಸ್ನೋಬೋರ್ಡಿಂಗ್ ಮಾಡಣ' ಅಂದ. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು.

'ಎಂತ ಮಾರಾಯ, ಜಪಾನಿನಲ್ಲಿ ಓಕಿನಾವಾ ಅಂತ ಒಳ್ಳೇ ಬೀಚ್ ಇರೋ ಜಾಗ ಇದೆಯಲ್ಲ, ಅಲ್ಲಿಗೆ ಕರೀಬಾರ್ದಾ?'

'ಬೀಚು ಅಲ್ಲೇ ನೋಡ್ತಾ ಇರ್ತೀಯಲ. ಇದು ಜ್ವಾಲಾಮುಖಿ ಮೇಲೆ ಬಿದ್ದ ಹಿಮ. ಬಾ ಸುಮ್ನೆ.'

ಅಮ್ಮನದು ಒಂದೇ ಷರತ್ತು. ಅಡಿಕೆ ಕೊನೆಕೊಯ್ಲು, ಸುಲಿಯೋದು, ಬೇಯಿಸೋದು ಎಲ್ಲ ಮುಗಿಸಿ ಎಲ್ಲಿಗೆ ಬೇಕಾದರೂ ಹೋಗು, ಕೈಕಾಲು ಮುರಿದುಕೊಂಡು ಮಾತ್ರ ಬರಬೇಡ. ಫೆಬ್ರವರಿ ಅಷ್ಟು ಹೊತ್ತಿಗೆ ನಮ್ಮ ತೋಟದ ಕೆಲಸ ಒಂದು ಹಂತಕ್ಕೆ ಬಂದಿರುತ್ತದೆ. ಹೊಕ್ಕೈಡೋದಲ್ಲಿ ಹಿಮ ಚೆನ್ನಾಗಿರುವುದೂ ಜನವರಿ, ಫೆಬ್ರವರಿಯಲ್ಲೇ. ಅಡಿಕೆ ಬೆಳೆಗಾರರಿಗೆ ಹೇಳಿ ಮಾಡಿಸಿದ ಸೀಸನ್, ಯಾರೂ ಹೋಗುವುದಿಲ್ಲ ಅಷ್ಟೇ.

ಹೊಕ್ಕೈಡೋ ಅಂದರೆ ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ. ಬೆಂಗಳೂರಿನಿಂದ ಟೋಕಿಯೋ, ಅಲ್ಲಿಂದ ನ್ಯೂ ಚಿತೋಸೆ ವಿಮಾನ ನಿಲ್ದಾಣ, ಅಲ್ಲಿಂದ ಬಸ್ಸಿನಲ್ಲಿ ಹಿಮದಾಟದ ಊರು ನಿಸೆಕೋ. ಟೋಕಿಯೋದಲ್ಲಿ ಇಳಿದಾಗ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಒಣ ಬಿಸಿಲು, ತುಟಿ ಒಡೆಯುವ ಗಾಳಿ. ಇಲ್ಲೇ ಹೀಗಿದ್ದರೆ ಅಲ್ಲಿ ಹಿಮ ಎಲ್ಲಿಂದ ಬರಬೇಕು ಅಂತ ತಮ್ಮನನ್ನು ಕೇಳಿದೆ. ಅವನು ನಕ್ಕು ಸುಮ್ಮನಾದ. ಚಿತೋಸೆಯಿಂದ ಬಸ್ಸು ಬೆಟ್ಟದ ದಾರಿ ಹಿಡಿದು ಸ್ವಲ್ಪ ಹೊತ್ತಾದ ಮೇಲೆ ಹಿಮ ಬೀಳಲು ಶುರುವಾಯಿತು. ಆಮೇಲೆ ನಾವು ಅಲ್ಲಿ ಇದ್ದಷ್ಟು ದಿನವೂ ಅದು ನಿಂತದ್ದು ಅಪರೂಪ. ಜೋರಾಗಿ ಸುರಿಯುತ್ತದೆ, ಸಣ್ಣದಾಗುತ್ತದೆ, ನಿಂತಿತು ಅನ್ನಿಸುತ್ತದೆ, ಮತ್ತೆ ಹಿಡಿಯುತ್ತದೆ. ಸದ್ದೊಂದಿಲ್ಲ. ಉಳಿದದ್ದೆಲ್ಲ ಜುಲೈ ತಿಂಗಳ ಆಗುಂಬೆಯೇ.

ಬಸ್ಸಿನಲ್ಲಿ ಕೂತಾಗಲೇ ಇದು ತಲೆಗೆ ಹೊಳೆದದ್ದು. ಟೋಕಿಯೋದಲ್ಲಿ ಬಿಸಿಲು, ಇಲ್ಲಿ ಸುರಿತ. ನಮ್ಮಲ್ಲೂ ಹಾಗೇ ಅಲ್ವಾ? ಆಗುಂಬೆಯಲ್ಲಿ ಜಡಿಮಳೆ ಹೊಡೆಯುತ್ತಿರುವಾಗ ಶಿವಮೊಗ್ಗದಲ್ಲಿ ಹನಿ ಹಾಕಿದರೆ ಹಾಕಿತು, ಚಳ್ಳಕೆರೆ ಕಡೆ ಹೋದರೆ ಧೂಳು. ಅರಬ್ಬೀ ಸಮುದ್ರದ ಮೇಲಿಂದ ಬರುವ ಮುಂಗಾರು ಗಾಳಿ ತೇವ ಹೊತ್ತು ತರುತ್ತದೆ, ಪಶ್ಚಿಮ ಘಟ್ಟ ಅದನ್ನು ತಡೆದು ಮೇಲಕ್ಕೆ ಎತ್ತುತ್ತದೆ, ಮೇಲೆ ಹೋದ ಗಾಳಿ ತಣ್ಣಗಾಗಿ ನೀರನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಘಟ್ಟದ ಆಚೆ ಬದಿಗೆ ಹೋಗುವಷ್ಟರಲ್ಲಿ ಗಾಳಿಯಲ್ಲಿ ಉಳಿದದ್ದು ಕಡಿಮೆ.

ಜಪಾನಿನಲ್ಲಿ ಚಳಿಗಾಲಕ್ಕೆ ಇದೇ ಕೆಲಸ ನಡೆಯುತ್ತದೆ. ಸೈಬೀರಿಯಾದಿಂದ ಹೊರಡುವ ಗಾಳಿ ವಿಪರೀತ ಚಳಿಯದು, ಆದರೆ ಒಣ ಗಾಳಿ. ಅದು ಜಪಾನ್ ಸಮುದ್ರ ದಾಟಬೇಕು. ಆ ಸಮುದ್ರದಲ್ಲಿ ದಕ್ಷಿಣದಿಂದ ತ್ಸುಶಿಮಾ ಅನ್ನುವ ಬೆಚ್ಚನೆ ಪ್ರವಾಹ ಹರಿದು ಬರುತ್ತದೆ, ಹಾಗಾಗಿ ಗಾಳಿಗೆ ಹೋಲಿಸಿದರೆ ನೀರು ಎಷ್ಟೋ ಬೆಚ್ಚಗಿರುತ್ತದೆ. ಒಣ ಗಾಳಿ ದಾರಿಯುದ್ದಕ್ಕೂ ಆ ತೇವ ಹೀರಿಕೊಂಡು ಬಂದು ಜಪಾನಿನ ಪಶ್ಚಿಮದ ಗುಡ್ಡಗಳಿಗೆ ಬಡಿಯುತ್ತದೆ. ಹಿಮ ಅಲ್ಲೇ ಬೀಳುತ್ತದೆ. ಗುಡ್ಡಗಳ ಪೂರ್ವಕ್ಕಿರುವ ಟೋಕಿಯೋಗೆ ಒಣ ಬಿಸಿಲು.

ಅಂದರೆ ನಾನು ಹೋಗಿದ್ದು ಸಮುದ್ರ ಬಿಟ್ಟು ಹಿಮಕ್ಕೆ ಅಂತ ಅಂದುಕೊಂಡರೂ, ಬೋರ್ಡಿನ ಕೆಳಗೆ ಇದ್ದದ್ದು ಸಮುದ್ರದ್ದೇ ನೀರು. ಇದನ್ನು ಹೇಳಿದರೆ ತಮ್ಮ, 'ನಿಂಗೆ ಎಲ್ಲ ಕಡೆ ಸಮುದ್ರವೇ ಕಾಣೋದು' ಅಂದ. ಕಾಣಲಿ ಬಿಡಿ.

ಎತ್ತರದ ವಿಷಯ ಒಂದು ಹೇಳಲೇಬೇಕು. ನಾವು ಜಾರಿದ ಗುಡ್ಡದ ಹೆಸರು ನಿಸೆಕೋ ಅನ್ನುಪುರಿ, ಎತ್ತರ 1,308 ಮೀಟರ್. ನಮ್ಮ ಕೊಡಚಾದ್ರಿ 1,343 ಮೀಟರ್. ಅನ್ನುಪುರಿಯ ಎದುರಿಗೆ ಒಂಟಿಯಾಗಿ ನಿಂತಿರುವ ಯೋತೇಯ್ 1,898 ಮೀಟರ್, ಅದೂ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕುಳ್ಳೇ. ಹಿಮಾಲಯದಂಥ ಎತ್ತರ ಇದ್ದರೆ ಮಾತ್ರ ಹಿಮ ಅಂತ ಶಾಲೆಯಿಂದ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಕೊಡಚಾದ್ರಿಗಿಂತ ತಗ್ಗಿನ ಗುಡ್ಡದಲ್ಲಿ ಒಂದು ಚಳಿಗಾಲಕ್ಕೆ ಹದಿನೈದು ಮೀಟರ್ ಆಸುಪಾಸು ಹಿಮ ಬೀಳುತ್ತದೆ. ಕೊಡಚಾದ್ರಿ 14 ಡಿಗ್ರಿ ಅಕ್ಷಾಂಶದ ಹತ್ತಿರ ಇದೆ, ಇದು 43ರ ಹತ್ತಿರ. ಹಾಗಾಗಿ ನಮಗೆ ಮಳೆ, ಅವರಿಗೆ ಹಿಮ.

ಮಲೆನಾಡಿನವಳಾಗಿ ಒಂದು ಲೆಕ್ಕ ಹಾಕದೆ ಇರಲು ಆಗಲಿಲ್ಲ. ಹೊಸ ಹಿಮದಲ್ಲಿ ಗಾಳಿಯೇ ಜಾಸ್ತಿ. ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಒಂದು ಸೆಂಟಿಮೀಟರ್ ನೀರು. ಹೊಕ್ಕೈಡೋದ್ದು ಇನ್ನೂ ಹಗುರ. ಹಾಗೆ ನೋಡಿದರೆ ಅವರ ಹದಿನೈದು ಮೀಟರ್ ಹಿಮ ಕರಗಿಸಿದರೂ ಒಂದೂವರೆ ಮೀಟರ್ ನೀರು ಸಿಗುವುದು ಕಷ್ಟ. ಆಗುಂಬೆಗೆ ವರ್ಷಕ್ಕೆ ಏಳು ಮೀಟರ್‌ಗಿಂತ ಜಾಸ್ತಿ ಮಳೆ ಬರುತ್ತದೆ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಬಿದ್ದ ದಾಖಲೆ ಇದೆ. ಆ ತಿಂಗಳ ಮಳೆ ಹಿಮವಾಗಿ ಬಿದ್ದಿದ್ದರೆ ನಲವತ್ತೈದು ಮೀಟರ್! ಮನೆಗಿನೆ ಏನೂ ಕಾಣುತ್ತಿರಲಿಲ್ಲ. ಇದನ್ನು ಹಾಸ್ಟೆಲಿನ ಊಟದ ಮೇಜಿನಲ್ಲಿ ಆಸ್ಟ್ರೇಲಿಯಾದವರೊಬ್ಬರಿಗೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ನಿಸೆಕೋ ತುಂಬ ಆಸ್ಟ್ರೇಲಿಯಾದವರೇ, ಅಂಗಡಿ ಬೋರ್ಡುಗಳೂ ಅರ್ಧ ಇಂಗ್ಲಿಷಿನಲ್ಲಿ.

ಸರಿ, ಸ್ನೋಬೋರ್ಡಿಗೆ ಬರೋಣ.

ಈ ಆಟದ ಬೇರು ಕಡಲಿನಲ್ಲೇ ಇದೆ ಅಂತ ಹೋಗುವ ಮುಂಚೆ ಓದಿಕೊಂಡಿದ್ದೆ, ಧೈರ್ಯಕ್ಕೆ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್‌ನಲ್ಲಿ ಶರ್ಮನ್ ಪಾಪೆನ್ ಅನ್ನುವವರು ಮಕ್ಕಳಿಗೆ ಆಡಲು ಎರಡು ಸ್ಕೀಗಳನ್ನು, ಅಂದರೆ ಕಾಲಿಗೊಂದು ಕಟ್ಟಿಕೊಂಡು ಹಿಮದಲ್ಲಿ ಜಾರುವ ಉದ್ದನೆ ಪಟ್ಟಿಗಳನ್ನು, ಪಕ್ಕಪಕ್ಕ ಜೋಡಿಸಿ ಒಂದು ಹಲಗೆ ಮಾಡಿಕೊಟ್ಟರು. ಅಲೆಯ ಮೇಲೆ ನಿಲ್ಲುವ ಹಾಗೆ ಹಿಮದ ಮೇಲೆ ಅಡ್ಡಡ್ಡ ನಿಂತು ಜಾರುವುದು. ಸ್ನರ್ಫರ್ ಅಂತ ಹೆಸರಿಟ್ಟು ಮಾರಿದರು. ಅದಕ್ಕೆ ಕಾಲು ಕಟ್ಟಿಕೊಳ್ಳುವ ವ್ಯವಸ್ಥೆ ಇರಲಿಲ್ಲ, ಮುಂದಿನ ತುದಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಇತ್ತು ಅಷ್ಟೇ. 1977ರಲ್ಲಿ ಜೇಕ್ ಬರ್ಟನ್ ವರ್ಮಾಂಟ್‌ನಲ್ಲಿ ಬೋರ್ಡ್ ಮಾಡುವ ಕಂಪನಿ ಶುರು ಮಾಡಿದರು. ಮೊದಮೊದಲು ಎಷ್ಟೋ ಸ್ಕೀ ಜಾಗಗಳಲ್ಲಿ ಇವರನ್ನು ಒಳಗೇ ಬಿಡುತ್ತಿರಲಿಲ್ಲ. ಒಲಿಂಪಿಕ್ಸ್‌ಗೆ ಬಂದದ್ದು 1998ರಲ್ಲಿ, ಅದೂ ಜಪಾನಿನ ನಗಾನೋದಲ್ಲಿ.

ಹಗ್ಗದ ವಿಷಯ ಓದಿದಾಗ ನನಗೆ ನಗು ಬಂತು. ನಾವು ಚಿಕ್ಕವರಿದ್ದಾಗ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ, ಸೋಗೆಯ ತುದಿ ಹಿಡಿದು ಇನ್ನೊಬ್ಬರು ಎಳೆಯುತ್ತಿದ್ದೆವು. ಇಳಿಜಾರು ಸಿಕ್ಕರೆ ಎಳೆಯುವವರೂ ಬೇಡ, ತಾನೇ ಜಾರುತ್ತಿತ್ತು, ಕೆಳಗೆ ಬೇಲಿಯೋ ತೋಟದ ಬಸಿಗಾಲುವೆಯೋ ಏನು ಸಿಗುತ್ತದೋ ಅದರಲ್ಲಿ ಹೋಗಿ ನಿಲ್ಲುವುದು. ಚಡ್ಡಿ ಹರಿದದ್ದಕ್ಕೆ ಬೈಸಿಕೊಂಡದ್ದು ಬೇರೆ. ಸ್ನರ್ಫರ್ ಅಂದರೆ ಇದನ್ನೇ ನಿಂತುಕೊಂಡು ಮಾಡುವುದು.

ಬೋರ್ಡ್, ಬೂಟು, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತವೆ. ಮೊದಲು ನಿಮ್ಮ ಯಾವ ಕಾಲು ಮುಂದೆ ಅಂತ ಕೇಳುತ್ತಾರೆ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಸರ್ಫಿಂಗ್‌ನಲ್ಲೂ ಇದೇ ಹೆಸರು. ಮೂಲ್ಕಿಯ ಕೃಪೆಯಿಂದ ಇದೊಂದು ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗಿ ನಾನು ಏನೋ ಪಳಗಿದವಳು ಅಂದುಕೊಂಡಳು, ಪಾಪ.

ಹೊರಗೆ ಬಂದು, ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್ ಕಟ್ಟಿದ ಮೇಲೆ ಗೊತ್ತಾಗುವುದು, ಎರಡೂ ಕಾಲು ಒಂದೇ ಹಲಗೆಗೆ ಬಿಗಿದುಬಿಟ್ಟಿದ್ದಾರೆ, ಇನ್ನು ಒಂದು ಹೆಜ್ಜೆಯೂ ಇಡುವ ಹಾಗಿಲ್ಲ. ಸರ್ಫಿಂಗ್‌ನಲ್ಲಿ ಬಿದ್ದರೆ ಬೋರ್ಡ್ ಒಂದು ಕಡೆ, ನಾವು ಒಂದು ಕಡೆ. ಇಲ್ಲಿ ಅದೂ ನಮ್ಮ ಜೊತೆಗೇ ಬೀಳುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಸರ್ಫಿಂಗ್‌ನಲ್ಲಿ ತಿರುಗಿಸುವುದು ಹಿಂಗಾಲು. ಭಯ ಆದಾಗ ಭಾರ ಹಿಂದಕ್ಕೆ ಹಾಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಗಟ್ಟಿ ಹಿಮದ ಇಳಿಜಾರಿನಲ್ಲಿ ಹಾಗೆ ಮಾಡಿದರೆ ಬೋರ್ಡಿನ ಮೂತಿ ಹಗುರಾಗಿ, ಅದು ನಮ್ಮ ಮಾತು ಕೇಳುವುದನ್ನೇ ಬಿಡುತ್ತದೆ. ಇಳಿಜಾರಿನ ಕಡೆಗೇ ಬಗ್ಗಬೇಕು, ಮುಂಗಾಲಿನ ಮೇಲೆ ಭಾರ ಹಾಕಬೇಕು. ಮೈ ಬೇಡ ಬೇಡ ಅನ್ನುತ್ತದೆ, ಆದರೂ ಕೆಳಗಿನ ಕಡೆಗೇ ಬಾಗಬೇಕು.

ಎಲ್ಲ ಆಟವೂ ಬೋರ್ಡಿನ ಎರಡು ಅಂಚಿನದು. ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಹಿಮ್ಮಡಿ ಒತ್ತಿದರೆ ಹಿಂದಿನ ಅಂಚು ಹಿಮವನ್ನು ಕಚ್ಚುತ್ತದೆ, ಕಾಲ್ಬೆರಳು ಒತ್ತಿದರೆ ಮುಂದಿನ ಅಂಚು. ಮೊದಲು ಹಿಮ್ಮಡಿಯ ಅಂಚಿನಲ್ಲಿ ನಿಂತು ಕೆಳಗೆ ಮುಖ ಮಾಡಿ ಸುಮ್ಮನೆ ಕೆರೆದುಕೊಂಡು ಇಳಿಯುವುದು. ಆಮೇಲೆ ಅದೇ ಅಂಚಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೇಲಿಕೊಂಡು ಇಳಿಯುವುದು. ಆಮೇಲೆ ಕಾಲ್ಬೆರಳ ಅಂಚು, ಅದಕ್ಕೆ ಇಳಿಜಾರಿಗೆ ಬೆನ್ನು ಹಾಕಿ ನಿಲ್ಲಬೇಕು, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕಾಣುವುದಿಲ್ಲ. ಕೊನೆಗೆ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟುವುದು. ದಾಟುವಾಗ ನಡುವೆ ಒಂದು ಕ್ಷಣ ಬೋರ್ಡ್ ನೇರ ಕೆಳಗೆ ನೋಡುತ್ತದೆ, ಎರಡು ಅಂಚೂ ಹಿಡಿದಿರುವುದಿಲ್ಲ. ಆ ಕ್ಷಣಕ್ಕೆ ಹೆದರಿ ಅರ್ಧಕ್ಕೇ ನಿಲ್ಲಿಸಿದರೆ ಕೆಳಬದಿಯ ಅಂಚು ಹಿಮಕ್ಕೆ ಸಿಕ್ಕಿಕೊಂಡು ಎತ್ತಿ ಒಗೆಯುತ್ತದೆ. ಮೆತ್ತಗೆ ಬೀಳುವುದು ಅಂತ ಇಲ್ಲ, ಒಗೆಯುವುದೇ. ಕೂರುವ ಜಾಗಕ್ಕೆ ಬಿದ್ದ ಪೆಟ್ಟು ಊರಿಗೆ ಬಂದ ಮೇಲೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಾಗಲೆಲ್ಲ ನೆನಪು ಮಾಡಿಕೊಡುತ್ತಿತ್ತು.

ನಮಗೆ ಕಲಿಸಿದ್ದು ಅಲ್ಲಿಯದೇ ಊರಿನ ಒಬ್ಬ ಹೆಂಗಸು, ನನ್ನ ಅತ್ತೆಯ ವಯಸ್ಸು ಇರಬಹುದು. ಮೊದಲ ಪಾಠ ಬೀಳುವುದು. ಬೀಳುವಾಗ ಅಂಗೈ ಊರಬೇಡಿ, ಮುಷ್ಟಿ ಕಟ್ಟಿಕೊಳ್ಳಿ, ಮುಂದಕ್ಕೆ ಬಿದ್ದರೆ ಮೊಣಕೈವರೆಗಿನ ತೋಳಿನ ಮೇಲೆ ಬೀಳಿ ಅಂದರು. ಹೊಸಬರು ಜಾಸ್ತಿ ಮುರಿದುಕೊಳ್ಳುವುದು ಮಣಿಕಟ್ಟನ್ನೇ. ಅವರೇ ಹೇಳಿ ಮಣಿಕಟ್ಟಿನ ಗಾರ್ಡ್ ಕೊಡಿಸಿದರು, ಅಮ್ಮನ ಷರತ್ತು ಅದರಿಂದಲೇ ಉಳಿಯಿತು. ಕಣ್ಣು ಕಾಲಿನ ಕಡೆ ಇದ್ದರೆ ಹೆಗಲು ತಿರುಗುವುದಿಲ್ಲ, ಹೆಗಲು ತಿರುಗದಿದ್ದರೆ ಬೋರ್ಡ್ ತಿರುಗುವುದಿಲ್ಲ. ಅದಕ್ಕೇ ನಾನು ಕೆಳಗೆ ನೋಡಿದಾಗಲೆಲ್ಲ ಅವರು ಗಲ್ಲ ಹಿಡಿದು ಎತ್ತುತ್ತಿದ್ದರು, ಫೋಟೋ ತೆಗೆಯುವಾಗ ನಮ್ಮೂರ ಸ್ಟುಡಿಯೋದವರು ಮಾಡುತ್ತಿದ್ದರಲ್ಲ, ಥೇಟ್ ಹಾಗೇ.

ಗುಡ್ಡದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟಿನಿಂದ ಇಳಿಯುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಒಂದು ಕಾಲು ಬಿಚ್ಚಿಕೊಂಡು, ಇನ್ನೊಂದು ಕಾಲಿಗೆ ಬೋರ್ಡ್ ತೂಗಾಡಿಸಿಕೊಂಡು, ಚಲಿಸುವ ಕುರ್ಚಿಯಿಂದ ಎದ್ದು ಜಾರಬೇಕು. ನನ್ನ ಜೊತೆ ಕೂತ ತಮ್ಮನೂ ನಾನೂ ಒಬ್ಬರ ಮೇಲೆ ಒಬ್ಬರು ಬಿದ್ದು, ಲಿಫ್ಟ್ ನಿಲ್ಲಿಸಿ, ಹಿಂದಿನ ಕುರ್ಚಿಯವರೆಲ್ಲ ಗಾಳಿಯಲ್ಲಿ ತೂಗಾಡುತ್ತ ನಮ್ಮನ್ನೇ ನೋಡಿದರು. ಅಲ್ಲಿನ ಕೆಲಸದವರು ಬೈಯಲಿಲ್ಲ, ಬಗ್ಗಿ ನಮಸ್ಕಾರ ಬೇರೆ ಮಾಡಿದರು. ಅದಕ್ಕಿಂತ ಬೈದಿದ್ದರೇ ವಾಸಿ.

ಬಟ್ಟೆಯ ಬಗ್ಗೆ ಒಂದು ಮಾತು. ನಾವು ಚಳಿ ಅಂದರೆ ದಪ್ಪದ ಹತ್ತಿ ಬಟ್ಟೆ ಹಾಕುತ್ತೇವೆ. ಇಲ್ಲಿ ಅದು ನಡೆಯುವುದಿಲ್ಲ. ಬಿದ್ದು ಎದ್ದು ಬೆವರುತ್ತೀರಿ, ಹತ್ತಿ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ, ಲಿಫ್ಟಿನಲ್ಲಿ ಕೂತಾಗ ಹೊರಗಿನ ಮೈನಸ್ ಹತ್ತು ಡಿಗ್ರಿ ಗಾಳಿಗೆ ಅದೇ ಮಂಜುಗಡ್ಡೆ. ಒಳಗೆ ಉಣ್ಣೆಯದು ಬೇಕು. ಉಣ್ಣೆ ಒದ್ದೆಯಾದರೂ ಮೈ ಬೆಚ್ಚಗಿಡುತ್ತದೆ. ನಮ್ಮ ಅಜ್ಜ ಗದ್ದೆ ನೆಟ್ಟಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ನಿಲ್ಲುತ್ತಿದ್ದದ್ದು ಇದೇ ಲೆಕ್ಕದಲ್ಲಿ. ನಾವೆಲ್ಲ ಪ್ಲಾಸ್ಟಿಕ್ ಕೊಪ್ಪೆಗೆ ಬಂದ ಮೇಲೆ ಒಳಗಿಂದಲೇ ಬೆವತು ಒದ್ದೆಯಾಗುತ್ತೇವೆ.

ತಿರುವುಗಳು ಒಂದಕ್ಕೊಂದು ಕೂಡಿಕೊಂಡ ದಿನ ಮಾತ್ರ ಮಜಾ ಬಂತು ನೋಡಿ. ರಾತ್ರಿ ಬಿದ್ದ ಹಿಮ ಇನ್ನೂ ಯಾರೂ ತುಳಿದಿರದ ಅಂಚಿನಲ್ಲಿ ಬೋರ್ಡ್ ಹೋದರೆ ಸದ್ದೇ ಇರುವುದಿಲ್ಲ, ಮಂಡಿಯವರೆಗೆ ಹಿಮ ಪುಡಿಯಾಗಿ ಹಾರುತ್ತದೆ, ಬಿದ್ದರೂ ಪೆಟ್ಟಾಗುವುದಿಲ್ಲ. ಎದ್ದೇಳುವುದು ಕಷ್ಟ, ಅದು ಬೇರೆ, ಕೈ ಊರಿದರೆ ಭುಜದವರೆಗೆ ಒಳಗೆ ಹೋಗುತ್ತದೆ. ಆಳದ ಹಿಮದಲ್ಲಿ ಭಾರ ಸ್ವಲ್ಪ ಹಿಂದಕ್ಕೇ ಬೇಕು, ಇಲ್ಲದಿದ್ದರೆ ಮೂತಿ ಮುಳುಗುತ್ತದೆ. ಗಟ್ಟಿ ಹಿಮದಲ್ಲಿ ಬೈಸಿಕೊಂಡ ನನ್ನ ಸರ್ಫಿಂಗ್ ಚಟ ಇಲ್ಲಿ ಉಪಯೋಗಕ್ಕೆ ಬಂತು! ನಿಸೆಕೋದಲ್ಲಿ ಇದನ್ನೇ ಒಂದು ಪಂಥದ ಹಾಗೆ ಮಾಡಿಕೊಂಡವರಿದ್ದಾರೆ. ತಾರೋ ತಮಾಯ್ ಅನ್ನುವವರು ಅಲ್ಲೇ ನೆಲೆಸಿ ಸರ್ಫ್ ಬೋರ್ಡಿನ ಆಕಾರದಿಂದ ಕಲಿತು ಸ್ನೋಬೋರ್ಡ್ ಮಾಡುತ್ತಾರೆ.

ಹಗ್ಗ ಕಟ್ಟಿದ ಕಡೆ ದಾಟಿ ಹೋಗುವಂತಿಲ್ಲ. ಹೊರಗಿನ ಇಳಿಜಾರಿಗೆ ಹೋಗಲು ಗೇಟುಗಳಿವೆ, ಹಿಮಕುಸಿತದ ಅಪಾಯ ನೋಡಿ ತೆರೆಯುತ್ತಾರೆ, ಮುಚ್ಚುತ್ತಾರೆ. ಮುಚ್ಚಿದ್ದರೆ ಮುಚ್ಚಿದ್ದೇ. ಹಗ್ಗದ ಅಡಿ ನುಸುಳಿದವರ ಲಿಫ್ಟ್ ಪಾಸ್ ಕಿತ್ತುಕೊಳ್ಳುತ್ತಾರೆ. ನಮಗೆ ಆ ಚಿಂತೆ ಇರಲಿಲ್ಲ, ಹಗ್ಗದವರೆಗೆ ಹೋಗಿ ನಿಲ್ಲುವುದೇ ದೊಡ್ಡ ಸಾಧನೆ.

ಇನ್ನು ಜ್ವಾಲಾಮುಖಿ. ಯೋತೇಯ್ ಮೋಡದಿಂದ ಹೊರಗೆ ಬಂದದ್ದು ಒಂದು ಬೆಳಗ್ಗೆ, ಅರ್ಧ ಗಂಟೆ ಇರಬಹುದು. ಯಾರೋ ಅಳತೆ ಇಟ್ಟು ಮಾಡಿದ ಹಾಗೆ ಸರಿಯಾದ ಶಂಕು, ತುದಿಯಲ್ಲಿ ಬಾಯಿ. ಲಾವಾ, ಬೂದಿ, ಕಲ್ಲು ಪದರ ಪದರವಾಗಿ ಒಂದೇ ಬಾಯಿಯಿಂದ ಬಿದ್ದು ಬಿದ್ದು ಆದ ಆಕಾರ. ಸಾವಿರಾರು ವರ್ಷದಿಂದ ಸುಮ್ಮನಿದೆ, ಆದರೂ ಜಪಾನಿನ ಸಕ್ರಿಯ ಜ್ವಾಲಾಮುಖಿಗಳ ಪಟ್ಟಿಯಲ್ಲೇ ಇದೆ. ನಾವು ಜಾರುತ್ತಿದ್ದ ಅನ್ನುಪುರಿಯೂ ಹಳೆಯ ಜ್ವಾಲಾಮುಖಿಯೇ. ಕೆಳಗಿನ ಬಿಸಿ ಇನ್ನೂ ಆರಿಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲಿನ ಬಿಸಿನೀರಿನ ಸ್ನಾನದ ಮನೆಗಳು, ಒನ್ಸೆನ್. ಮೊದಲು ಹೊರಗೆ ಸಣ್ಣ ಸ್ಟೂಲಿನ ಮೇಲೆ ಕೂತು ಮೈಯೆಲ್ಲ ಚೆನ್ನಾಗಿ ತೊಳೆದುಕೊಳ್ಳಬೇಕು, ಆಮೇಲೆ ಕೊಳಕ್ಕೆ ಇಳಿಯಬೇಕು, ಮೈಮೇಲೆ ಒಂದು ಎಳೆ ಬಟ್ಟೆಯೂ ಇರಬಾರದು. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ, ಅಷ್ಟರಮಟ್ಟಿಗೆ ಬದುಕಿದೆ. ಬೀಚಿಗೆ ಹೋದರೂ ಮಂಡಿ ಮುಚ್ಚುವ ಬಟ್ಟೆ ಹಾಕುವ ನನಗೆ ಬಾಗಿಲಿನಲ್ಲೇ ಕಾಲು ಬರಲಿಲ್ಲ. ಆದರೆ ಮೈ ನೋವು ನಾಚಿಕೆಗಿಂತ ದೊಡ್ಡದು. ಗಂಧಕದ ವಾಸನೆಯ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಕೂತು, ತಲೆ ಮೇಲೆ ಹಿಮ ಬೀಳಿಸಿಕೊಂಡ ಮೇಲೆ ದಿನಾ ನಾನೇ ಮೊದಲು ಹೊರಡುತ್ತಿದ್ದೆ.

ಒಂದು ದಿನ ಮೈ ಕೈ ಏಳದೆ ಬೋರ್ಡಿಗೆ ರಜಾ ಹಾಕಿ ತೋಯಾ ಸರೋವರದ ಕಡೆ ಹೋದೆವು. ಅಲ್ಲಿ ಶೋವಾ ಶಿಂಝನ್ ಅಂತ ಒಂದು ಗುಡ್ಡ ಇದೆ, ಬರೀ 398 ಮೀಟರ್. ಅದರ ಕತೆ ಮಾತ್ರ ನನ್ನನ್ನು ಬಿಡುತ್ತಿಲ್ಲ. 1943ರ ಕೊನೆವರೆಗೆ ಅಲ್ಲಿ ಗುಡ್ಡವೇ ಇರಲಿಲ್ಲ, ಗೋಧಿ ಹೊಲ ಇತ್ತು. ಭೂಕಂಪ ಶುರುವಾಯಿತು, ಹೊಲ ಉಬ್ಬತೊಡಗಿತು, ಸಿಡಿಯಿತು, ಮತ್ತೆ ಉಬ್ಬಿತು, 1945ರ ಸೆಪ್ಟೆಂಬರ್ ಹೊತ್ತಿಗೆ ಗುಡ್ಡವೇ ಎದ್ದು ನಿಂತಿತ್ತು. ಯುದ್ಧದ ಕಾಲ, ಜನ ಕಂಗೆಡಬಾರದು ಅಂತ ಸರ್ಕಾರ ಸುದ್ದಿಯನ್ನು ಅಡಗಿಸಿತು. ಊರಿನ ಪೋಸ್ಟ್‌ಮಾಸ್ಟರ್ ಮಿಮಾತ್ಸು ಮಸಾವೋ ಮಾತ್ರ ಸುಮ್ಮನಿರಲಿಲ್ಲ. ಒಂದೇ ಜಾಗದಿಂದ ನೋಡುತ್ತ, ಗುಡ್ಡ ಎಷ್ಟು ಬೆಳೆಯಿತು ಅಂತ ಗೆರೆ ಎಳೆದು ಎಳೆದು ಬರೆದಿಟ್ಟರು. ಆ ಚಿತ್ರ 1948ರಲ್ಲಿ ಓಸ್ಲೋದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನಕ್ಕೆ ಹೋಯಿತು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಕೊನೆಗೆ ಆ ಜಾಗವನ್ನೇ ಅವರು ಕೊಂಡುಕೊಂಡರು. ಗುಡ್ಡಕ್ಕೆ ಓನರ್!

ನನಗೆ ಆ ಹೊಲದ ರೈತರದೇ ಯೋಚನೆ. ನಮ್ಮ ಕಡೆ ಮಳೆಗೆ ಧರೆ ಕುಸಿದು ತೋಟದ ಒಂದು ಮೂಲೆ ಹೋದರೇ ವರ್ಷವಿಡೀ ಅದೇ ಮಾತು. ಇವರ ಹೊಲ ಮೇಲಕ್ಕೆ ಹೋಯಿತು. ಸರ್ವೆ ನಂಬರಿನಲ್ಲಿ ಏನಂತ ಬರೆಯುತ್ತಾರೆ? ಪಕ್ಕದಲ್ಲೇ ಇರುವ ಉಸು ಜ್ವಾಲಾಮುಖಿ 1977ರಲ್ಲಿ ಸಿಡಿಯಿತು, 2000ದ ಮಾರ್ಚ್ 31ರಂದು ಮತ್ತೆ ಸಿಡಿಯಿತು. ಆಗ ಮುಂಚೆಯೇ ನಡುಕ ಅಳೆದು, ಸಾವಿರಾರು ಜನರನ್ನು ಎಬ್ಬಿಸಿ ಕಳಿಸಿದ್ದರಿಂದ ಒಬ್ಬರೂ ಸಾಯಲಿಲ್ಲ. ಈಗ ಅಲ್ಲಿ ಹೋಟೆಲು, ಸ್ನಾನದ ಮನೆ, ಐಸ್‌ಕ್ರೀಮ್ ಅಂಗಡಿ ಎಲ್ಲ ಮಾಮೂಲು.

ಜ್ವಾಲಾಮುಖಿ ನಮಗೆ ದೂರದ ವಿಷಯ ಅಂತ ತಮ್ಮ ಅಂದ. ಅಷ್ಟೊಂದು ದೂರ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಕಂಬಕಂಬದ ಹಾಗೆ ನಿಂತ ಆ ಕಲ್ಲು ಲಾವಾ ತಣಿದು ಬಿರಿದು ಆದದ್ದು, ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇನ್ನೂ ಹಳೆಯದಿದೆ, ನೂರಾರು ಕೋಟಿ ವರ್ಷ ಹಿಂದಿನದು, ದಿಂಬಿನ ಆಕಾರದ ಕಲ್ಲು. ಲಾವಾ ನೀರಿನ ಅಡಿಯಲ್ಲಿ ಉಕ್ಕಿದರೆ ಮಾತ್ರ ಹಾಗೆ ಉಂಡೆಯಾಗುತ್ತದೆ. ಈಗ ಮಳೆಗೆ ಬಾಯಿ ಬಿಡುವ ಚಿತ್ರದುರ್ಗದ ನೆಲ ಒಂದು ಕಾಲಕ್ಕೆ ಸಮುದ್ರದ ತಳ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ನಾವು ಅದರ ಮೇಲೆ ಕೂತು ಚುರುಮುರಿ ತಿಂದು ಕಾಗದ ಎಸೆದು ಬರುತ್ತೇವೆ.

ಇಷ್ಟೆಲ್ಲ ಆದ ಮೇಲೂ ಸಮುದ್ರ ನೋಡದೆ ಊರಿಗೆ ಬರಲು ನನಗೆ ಮನಸ್ಸಿರಲಿಲ್ಲ. ಹಠ ಮಾಡಿ ಇವಾನಾಯ್ ಕಡೆಯ ತೀರಕ್ಕೆ ಕರೆದುಕೊಂಡು ಹೋಗು ಅಂದೆ. ಜಪಾನ್ ಸಮುದ್ರ ನಿಸೆಕೋದಿಂದ ಗುಡ್ಡದ ಆಚೆ ಬದಿಗೆ. ಆವತ್ತು ಬೆಳಗ್ಗೆ ಗಾಳಿ ನಿಂತಿತ್ತು, ಚಳಿ ಮಾತ್ರ ಕಿವಿ ಕಿತ್ತುಹೋಗುವಷ್ಟು. ಮರಳಿನ ಮೇಲೆ ಹಿಮ, ಅಲೆ ಬಂದು ಮುಟ್ಟುವ ಗೆರೆಯವರೆಗೂ ಹಿಮ, ಅಲ್ಲಿಂದ ಆಚೆ ಕಪ್ಪು ನೀರು. ನೀರಿನ ಮೇಲೆಲ್ಲ ಹೊಗೆ ಏಳುತ್ತಿತ್ತು. ಗಾಳಿಗಿಂತ ನೀರು ಬೆಚ್ಚಗಿರುವುದರಿಂದ ಕಾಣುವ ಆವಿ ಅದು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು, ಗುಡ್ಡದ ಮೇಲಿನ ಹಿಮಕ್ಕೆ ಬೇಕಾದ ಸಾಮಾನು ಇಲ್ಲೇ ತಯಾರಾಗುತ್ತಿದೆ. ಬೂಟು ಬಿಚ್ಚಿ ಕಾಲು ಅದ್ದಿದೆ. 'ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ' ಅಂತ ತಮ್ಮ ಕೂಗಿಕೊಂಡ. ತಣ್ಣಗಿತ್ತು, ನಿಜ. ಆದರೆ ಕಾಲು ಹೊರಗೆ ತೆಗೆದಾಗ ಇನ್ನೂ ಕೊರೆಯಿತು, ಒಳಗೇ ಬೆಚ್ಚಗಿತ್ತು!

ಊಟದ ಬಗ್ಗೆ ಬಹಳ ಜನ ಕೇಳಿದರು. ಮೀನು ತಿನ್ನುವವರಿಗೆ ಹೊಕ್ಕೈಡೋ ಸ್ವರ್ಗ. ಅಲ್ಲಿನ ಸಪ್ಪೊರೋ ನಗರದ ಸೂಪ್ ಕರಿ ಅಂತ ಒಂದಿದೆ, ತೆಳ್ಳಗಿನ ಖಾರದ ಸಾರಿನಲ್ಲಿ ದಪ್ಪ ದಪ್ಪ ತರಕಾರಿ, ಜೊತೆಗೆ ಅನ್ನ. ಖಾರದ ಮಟ್ಟ ನಾವೇ ಹೇಳಬಹುದು. ಸಸ್ಯಾಹಾರಿಗಳು ಎಚ್ಚರ, ತರಕಾರಿ ಸಾರಿಗೂ ಎಷ್ಟೋ ಕಡೆ ಕೋಳಿಯದೋ ಒಣಮೀನಿನದೋ ರಸವೇ ಅಡಿಪಾಯ. ಚಟ್ನಿಪುಡಿ ತೆಗೆದುಕೊಂಡು ಹೋಗಿ.

ಖರ್ಚು? ಜಾಸ್ತಿ. ನಿಸೆಕೋ ಈಗ ದುಡ್ಡಿದ್ದವರ ಊರಾಗಿಬಿಟ್ಟಿದೆ, ತಮ್ಮನ ಗುರುತಿನವರ ಹಾಸ್ಟೆಲ್ ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಬರೀ ಹಿಮದಲ್ಲಿ ಜಾರುವುದು ಕಲಿಯಬೇಕು ಅಂದರೆ ನಮ್ಮ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಇವೆ, ಪಾಸ್‌ಪೋರ್ಟೂ ಬೇಡ. ವಿದೇಶಕ್ಕೆ ಹೋಗುವವರು ಪ್ರಯಾಣದ ವಿಮೆಯಲ್ಲಿ ಹಿಮದ ಆಟಗಳಿಗೆ ಅಂತ ಬೇರೆಯಾಗಿ ಬರೆಸಿಕೊಳ್ಳಿ, ಎಷ್ಟೋ ಸಾಮಾನ್ಯ ವಿಮೆಗಳಲ್ಲಿ ಅದು ಸೇರಿರುವುದಿಲ್ಲ.

ಮತ್ತೆ ಹೋಗ್ತೀಯಾ ಅಂತ ಅಮ್ಮ ಕೇಳಿದರು. ಮಳೆಗಾಲ ಮುಗಿದ ಮೇಲೆ ಮೊದಲು ಮೂಲ್ಕಿಗೆ, ಮುಂಗಾಲಿನ ಮೇಲೆ ಭಾರ ಹಾಕುವ ಈ ಹೊಸ ಚಟ ಅಲ್ಲಿ ಏನೇನು ಎಡವಟ್ಟು ಮಾಡುತ್ತದೋ ನೋಡಬೇಕು. ಹೊಕ್ಕೈಡೋಗೂ ಹೋಗುತ್ತೇನೆ, ಅಡಿಕೆ ರೇಟು ಹೀಗೇ ನಿಂತರೆ.